ಬಟ್ಟೆ ಮುಂದೆ ಕೂತಾಗ ಕೈ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ನನಗೆ 42 ವರ್ಷ, ಊರು ದಾವಣಗೆರೆ, ಮನೆ ನಿಟುವಳ್ಳಿ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಎರಡು ತಿಂಗಳಿಂದ ಬ್ಲೌಸ್ ಕಟಿಂಗ್ ಕಲಿಯುತ್ತಿದ್ದೇನೆ. ವಾರಕ್ಕೆ ಮೂರು ದಿನ ಹೊಲಿಗೆ ಕ್ಲಾಸು, ಉಳಿದ ದಿನ ಮೊಬೈಲಿನಲ್ಲಿ ವಿಡಿಯೊ. ನೋಡುವಾಗ ಎಲ್ಲಾ ಅರ್ಥ ಆಗುತ್ತೆ, ಬಟ್ಟೆ ಮುಂದೆ ಕೂತರೆ ಕತ್ತರಿ ಓಡಲ್ಲ. ಮಗ ಮೊಬೈಲಿನಲ್ಲೇ ಒಂದು ಪರೀಕ್ಷೆ ಮಾಡಿಸಿ, "ಅಮ್ಮ, ನೀನು ನೋಡಿ ಕಲಿಯೋಳು" ಅಂದ. ನಮ್ಮ ಮೇಡಂ ಬಾಯಲ್ಲೇ ಹೇಳಿ ಮುಂದೆ ಹೋಗ್ತಾರೆ. ಕ್ಲಾಸು ಬದಲಿಸಲಾ? ಮಗ ಎಸ್‌ಎಸ್‌ಎಲ್‌ಸಿ. ತಾನು "ಕೇಳಿ ಕಲಿಯೋನು" ಅಂತ ಪುಸ್ತಕ ಮುಚ್ಚಿಟ್ಟು ಇಯರ್‌ಫೋನ್ ಹಾಕ್ಕೊಂಡು ಕೂರ್ತಾನೆ. ಅದು ಸರಿನಾ? ಮೂರು ತಿಂಗಳಿಗೆ ತಂಗಿ ಮಗಳ ಮದುವೆ ಇದೆ. ನನ್ನ ಮೊಳಕಾಲ್ಮೂರು ಸೀರೆಯ ಬ್ಲೌಸ್ ನಾನೇ ಹೊಲೀಬೇಕು ಅನ್ನೋ ಆಸೆ.

ಉತ್ತರ: ಕ್ಲಾಸು ಬದಲಿಸಬೇಡಿ. ಕೂರುವ ಜಾಗ ಬದಲಿಸಿ ಮೇಡಂ ಪಕ್ಕಕ್ಕೆ ಬನ್ನಿ, ವಿಡಿಯೊ ನೋಡುವ ರೀತಿ ಬದಲಿಸಿ. ಮೂರು ತಿಂಗಳು ಸಾಕಷ್ಟು ಸಮಯ.

ಮೊದಲು ಆ ಮೊಬೈಲ್ ಪರೀಕ್ಷೆಯ ವಿಷಯ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ಜನರನ್ನು ನಾಲ್ಕು ಗುಂಪು ಮಾಡುವ ಈ ಪ್ರಶ್ನಾವಳಿಗಳಲ್ಲಿ ಹೆಚ್ಚು ಹೆಸರಾದದ್ದು ವಾರ್ಕ್. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಇದನ್ನು ರೂಪಿಸಿ, 1992ರಲ್ಲಿ ಕಾಲೀನ್ ಮಿಲ್ಸ್ ಜೊತೆ ಪ್ರಕಟಿಸಿದರು. ತಾನು ಹೇಗೆ ಕಲಿಯುತ್ತಿದ್ದೇನೆ ಎಂದು ವಿದ್ಯಾರ್ಥಿ ಯೋಚಿಸಲು ತೊಡಗಲಿ ಎಂಬುದು ಅವರ ಉದ್ದೇಶವಾಗಿತ್ತು. ಊರೂರು ಸುತ್ತುವಷ್ಟರಲ್ಲಿ ಅದು ಜಾತಕದಂತಾಯಿತು: ನೀನು ಇಂಥವನು, ನಿನಗೆ ಇಂಥದ್ದೇ ಪಾಠ. 2008ರಲ್ಲಿ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಈ ಮಾತು ನಿಜವಾಗಬೇಕಾದರೆ "ನೋಡುವವರು" ನೋಡಿದಾಗ ಹೆಚ್ಚು ಕಲಿಯಬೇಕು, "ಕೇಳುವವರು" ಕೇಳಿದಾಗ ಹೆಚ್ಚು ಕಲಿಯಬೇಕು. ಅದಲು ಬದಲು ಮಾಡಿದರೆ ಇಬ್ಬರೂ ಹಿಂದೆ ಬೀಳಬೇಕು. ಹಾಗೆ ಆಗುತ್ತದೆ ಎನ್ನಲು ತಕ್ಕ ಪುರಾವೆ ಅವರಿಗೆ ಸಿಗಲಿಲ್ಲ. ನಿಮಗೆ ವಿಡಿಯೊ ಇಷ್ಟ ಎಂಬುದು ನಿಜವೇ. ಇಷ್ಟವಾದ ದಾರಿಯಲ್ಲಿ ಹೋದರೆ ಬೇಗ ತಲುಪುತ್ತೀರಿ ಎಂಬುದು ಮಾತ್ರ ನಿಜವಲ್ಲ.

ಕಣ್ಣು ಬೇಕೋ ಕಿವಿ ಬೇಕೋ ಎಂದು ಹೇಳುವುದು ಕೆಲಸವೇ. ನಿಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ನಿಂತು ನೋಡಿ. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಚಟಪಟ ಸದ್ದು ಏರಿ ಇಳಿಯುವುದನ್ನು ಕೇಳಿಸಿಕೊಳ್ಳದೆ ಹದ ಹಿಡಿಯುವುದಕ್ಕಾಗದು. ಬೆಣ್ಣೆದೋಸೆಯವರು ಕಾವಲಿಗೆ ನೀರು ಚಿಮುಕಿಸಿ, ಅದು ಚುಂಯ್ ಎನ್ನುವ ರೀತಿಯಲ್ಲೇ ಕಾವು ತಿಳಿಯುತ್ತಾರೆ. ಲೋಹ ಕಡೆಯುವ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದಲ್ಲಿ, ಟೂಲ್ ಅದುರುತ್ತಿದೆಯೆಂದು ಕಿವಿ ಹೇಳುತ್ತದೆ, ಕಬ್ಬಿಣ ಕಾದಿದೆಯೆಂದು ಸುರುಳಿ ಚೂರಿನ ಬಣ್ಣ ನೋಡಿ ಕಣ್ಣು ಹೇಳುತ್ತದೆ. ಮೊಳಕಾಲ್ಮೂರಿನ ಗುಂಡಿಮಗ್ಗದಲ್ಲಿ ಪಾದಕ್ಕೇ ಬೇರೆ ಪಾಠ. "ನಾನು ಕಣ್ಣಿನವನು" ಎಂದು ಭಟ್ಟಿಯವನು ಕಿವಿ ಮುಚ್ಚಿಕೊಂಡರೆ ಮಂಡಕ್ಕಿ ಸೀದು ಹೋಗುತ್ತದೆ. ರವಿಕೆಯ ಕೆಲಸದಲ್ಲಿ ಅಳತೆಗೆ ಲೆಕ್ಕ ಬೇಕು, ತೋಳು ಕೂಡಿಸುವ ಆರ್ಮ್‌ಹೋಲ್ ಗೆರೆಗೆ ಕಣ್ಣು ಬೇಕು, ಕತ್ತರಿಗೆ ಮಣಿಕಟ್ಟು ಬೇಕು, ಮಷಿನ್ನಿಗೆ ಪಾದ ಬೇಕು. ಇವು ನಾಲ್ಕೂ ಒಂದೇ ಸಲ ಕೂಡಿ ಬರಲಿ ಎಂದರೆ ಯಾರಿಗೂ ಬರುವುದಿಲ್ಲ. ಬಿಡಿಬಿಡಿಯಾಗಿ ಕಲಿಯಬೇಕು.

ಇನ್ನು "ನೋಡುವಾಗ ಅರ್ಥ ಆಗುತ್ತೆ" ಎಂದಿರಲ್ಲ, ಅದು. 2018ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮೈಕಲ್ ಕಾರ್ಡಸ್ ಮತ್ತು ಎಡ್ ಒಬ್ರಯನ್ ಇದನ್ನೇ ಪರೀಕ್ಷಿಸಿದರು. ಬಾಣದ ಮೊನೆಯ ಡಾರ್ಟನ್ನು ಗುರಿಗೆ ಎಸೆಯುವ ವಿಡಿಯೊವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ತಮ್ಮ ಕೈಲಿ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ ಹೆಚ್ಚಿತು. ಎಸೆದಾಗ ಮಾತ್ರ ಒಂದು ಸಲ ನೋಡಿದವರಿಗಿಂತ ಅವರ ಗುರಿ ಚೆನ್ನಾಗಿರಲಿಲ್ಲ. ನೋಡುತ್ತಾ ಹೋದಂತೆ ಬೆಳೆಯುವುದು ಗುರುತು. ಮುಂದೇನು ಬರುತ್ತದೆ ಎಂದು ತಿಳಿದಿರುತ್ತದೆ, ಆದ್ದರಿಂದ ಬಂದಾಗ "ಹೌದು, ಗೊತ್ತು" ಅನ್ನಿಸುತ್ತದೆ. ಬಟ್ಟೆ ಮುಂದೆ ಕೂತಾಗ ಯಾರೂ ಮುಂದಿನದನ್ನು ತೋರಿಸುವುದಿಲ್ಲ, ಅದನ್ನು ನೀವೇ ತಲೆಯಿಂದ ಎಳೆದು ತರಬೇಕು. ಎರಡು ತಿಂಗಳಲ್ಲಿ ಆ ಎಳೆಯುವ ಅಭ್ಯಾಸ ಒಂದೇ ಒಂದು ಸಲವೂ ಆಗಿಲ್ಲದಿರಬಹುದು.

ಇದರ ಜೊತೆಗೆ, ವಿಡಿಯೊದಲ್ಲಿ ಕಾಣದ ಸಂಗತಿಗಳೂ ಇವೆ. ಕತ್ತರಿಯ ಕೆಳಗಿನ ಅಲಗು ಮೇಜಿಗೋ ನೆಲಕ್ಕೋ ತಾಗಿಕೊಂಡೇ ಜಾರಬೇಕು, ಎಡಗೈ ಅಂಗೈ ಬಟ್ಟೆಯನ್ನು ಗೆರೆಯ ಪಕ್ಕದಲ್ಲೇ ಒತ್ತಿ ಹಿಡಿದಿರಬೇಕು. ಹೊಸಬರು ಬಟ್ಟೆಯನ್ನು ಎತ್ತಿ ಕತ್ತರಿಸುತ್ತಾರೆ. ಎತ್ತಿದಾಗ ಎರಡು ಪದರ ಒಂದರ ಮೇಲೊಂದು ಸರಿದು, ಮೇಲಿನದು ಸರಿಯಿದ್ದರೂ ಕೆಳಗಿನದು ತಪ್ಪಿರುತ್ತದೆ. ಇನ್ನೊಂದು ತಪ್ಪು, ಸೀಮೆಸುಣ್ಣದ ಗೆರೆಯ ಒಳಬದಿಗೆ ಕತ್ತರಿ ಹಾಕುವುದು. ಒಂದು ಭಾಗದಲ್ಲಿ ಅರೆಕಾಲು ಇಂಚು ಒಳಗೆ ಹೋದರೂ, ನಾಲ್ಕು ಕಾಲು ಭಾಗ ಕೂಡಿ ಎದೆ ಸುತ್ತಳತೆಯಲ್ಲಿ ಅರ್ಧ ಇಂಚು ಹೋಯಿತು. ಹುಕ್ಸ್ ಹಾಕುವಾಗ ಬಿಗಿಯೆನ್ನಿಸಿದರೆ ಅಳತೆ ತಪ್ಪಾಯಿತೆಂದು ಮತ್ತೆ ಟೇಪು ಹಿಡಿಯುತ್ತೀರಿ. ಅಲ್ಲಿ ತಪ್ಪಿದ್ದು ಟೇಪಲ್ಲ, ಕತ್ತರಿ.

ಎದುರಿನಿಂದ ತೆಗೆದ ವಿಡಿಯೊದಲ್ಲಿ ಎಡ ಬಲ, ಮೇಲೆ ಕೆಳಗೆ ಎರಡೂ ತಿರುವುಮುರುವು. ಮೇಡಂ ಎದುರಿಗೆ ಕೂತು ನೋಡಿದರೂ ಹಾಗೆಯೇ. ಅದನ್ನು ತಲೆಯೊಳಗೆ ತಿರುಗಿಸಿಕೊಳ್ಳುವುದರಲ್ಲೇ ಅರ್ಧ ಗಮನ ಹೋಗುತ್ತದೆ. ಅವರ ಪಕ್ಕದಲ್ಲಿ, ಬಟ್ಟೆ ಅವರಿಗೆ ಕಾಣುವ ದಿಕ್ಕಿನಲ್ಲೇ ನಿಮಗೂ ಕಾಣುವಂತೆ ನಿಂತುಕೊಳ್ಳಿ. "ಮೇಡಂ, ಇನ್ನೊಂದ್ಸಲ ತೋರ್ಸಿ" ಎನ್ನುವ ಬದಲು "ನಾನು ಮಾಡ್ತೀನಿ, ನೀವು ನೋಡಿ" ಎನ್ನಿ. ಹತ್ತು ತಪ್ಪು ಕಂಡರೂ ಆ ದಿನಕ್ಕೆ ಒಂದನ್ನೇ ಹೇಳಲು ಕೇಳಿಕೊಳ್ಳಿ. ಬಾಯಲ್ಲಿ ಹೇಳುವ ಮೇಡಂ, ನಿಮ್ಮ ಕೈ ಓಡುತ್ತಿರುವಾಗ ಹೇಳಿದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಾಗಾದರೆ ಕಲಿಕೆಯಲ್ಲಿ "ನನ್ನದು" ಎಂಬುದು ಏನೂ ಇಲ್ಲವೇ? ಖಂಡಿತ ಇದೆ. ಅದು ಇರುವುದು ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರಲ್ಲಿ. ಕೈ ನಿಂತಾಗಲೆಲ್ಲ ಕಾರಣ ಮೂರರಲ್ಲಿ ಒಂದಿರುತ್ತದೆ: ಒಂದು, ಗೊತ್ತೇ ಇರಲಿಲ್ಲ; ಎರಡು, ಗೊತ್ತಿದ್ದರೂ ಆ ಹೊತ್ತಿಗೆ ನೆನಪಾಗಲಿಲ್ಲ; ಮೂರು, ನೆನಪಿದ್ದರೂ ಕೈ ಮಾತು ಕೇಳಲಿಲ್ಲ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ, ಕತ್ತರಿ ನಿಂತಿರುತ್ತದೆ ಅಷ್ಟೆ. ಮದ್ದು ಮಾತ್ರ ಬೇರೆ ಬೇರೆ. ಗೊತ್ತಿಲ್ಲದ್ದಕ್ಕೆ ನೋಡಬೇಕು, ಕೇಳಬೇಕು. ನೆನಪಾಗದ್ದಕ್ಕೆ ಇನ್ನೊಮ್ಮೆ ನೋಡಿದರೆ ಪ್ರಯೋಜನ ಕಡಿಮೆ, ಮುಚ್ಚಿಟ್ಟು ನೆನೆಸಿಕೊಳ್ಳಬೇಕು. ಕೈ ಕೇಳದಿದ್ದರೆ ಆ ಒಂದು ತುಣುಕನ್ನಷ್ಟೇ ಬೇರೆ ಮಾಡಿ ಮತ್ತೆ ಮತ್ತೆ ಮಾಡಬೇಕು. ನಿಮ್ಮ ಪತ್ರ ಓದಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ನೀವು ಮೊದಲನೆಯದರ ಮದ್ದು ಕುಡಿಯುತ್ತಿರುವಂತಿದೆ.

ಮಗನ ಹಳೆಯ ನೋಟ್‌ಬುಕ್ಕೊಂದು ತೆಗೆದುಕೊಳ್ಳಿ. ಕೈ ನಿಂತಾಗಲೆಲ್ಲ ಎಲ್ಲಿ ನಿಂತಿತು ಎಂದು ಒಂದು ಸಾಲು, ಪಕ್ಕದಲ್ಲಿ 1, 2 ಅಥವಾ 3 ಎಂಬ ಅಂಕಿ. ಅನುಮಾನ ಬಂದರೆ ಸಣ್ಣ ಪರೀಕ್ಷೆಯಿದೆ: ಮುಂದೇನು ಮಾಡಬೇಕೆಂದು ಬಾಯಲ್ಲಿ ಹೇಳಿಕೊಳ್ಳಿ. ಹೇಳಲು ಬಂದು ಮಾಡಲು ಬಾರದಿದ್ದರೆ 3. ಹೇಳಲು ಬಾರದೆ, ವಿಡಿಯೊ ತೆರೆದ ಕೂಡಲೇ "ಅಯ್ಯೋ ಇದೇ ಅಲ್ವಾ" ಅನ್ನಿಸಿದರೆ 2. ತೆರೆದರೂ ಹೊಸದಾಗಿ ಕಂಡರೆ 1. ಎರಡು ವಾರದಲ್ಲಿ ಯಾವ ಅಂಕಿ ಹೆಚ್ಚಿದೆಯೋ ಅದು, ಈ ಕೆಲಸದ ಮಟ್ಟಿಗೆ, ಈ ತಿಂಗಳ ಮಟ್ಟಿಗೆ, ನಿಮ್ಮ ಕಲಿಕೆಯ ರೀತಿ. ಮುಂದಿನ ತಿಂಗಳು ಬದಲಾಗುತ್ತದೆ.

ಆ ಎರಡು ವಾರ ಹೀಗೆ ಮಾಡಿ. ದಿನಕ್ಕೆ ಒಂದು ಗಂಟೆ ಸಾಕು. ಭಾನುವಾರ ಐದು ಗಂಟೆ ಕೂತರೆ ಅಷ್ಟು ಬರುವುದಿಲ್ಲ. 1978ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್, ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಇದನ್ನು ಅಳೆದು ನೋಡಿದರು. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಒಟ್ಟು ಗಂಟೆಗಳು ಎಲ್ಲರಿಗಿಂತ ಕಡಿಮೆ ಸಾಕಾದವು, ದಿನಕ್ಕೆ ನಾಲ್ಕು ಗಂಟೆ ಕೂತವರಿಗೆ ಎಲ್ಲರಿಗಿಂತ ಹೆಚ್ಚು ಬೇಕಾದವು. ಆದರೂ ತಮ್ಮ ವೇಳಾಪಟ್ಟಿಯ ಬಗ್ಗೆ ಹೆಚ್ಚು ಬೇಸರಪಟ್ಟವರು ಒಂದು ಗಂಟೆಯವರೇ, ಯಾಕೆಂದರೆ ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಂತೆ ಕಾಣುತ್ತಿತ್ತು. ನಿಮಗೂ ಹಾಗನ್ನಿಸುತ್ತದೆ, ನಿಲ್ಲಿಸಬೇಡಿ.

ಮೊದಲ ವಾರ ಬಟ್ಟೆ ಮುಟ್ಟುವುದೇ ಬೇಡ, ಹಳೆಯ ದಿನಪತ್ರಿಕೆ ಸಾಕು. ಹಾಳೆ ಪೂರ್ತಿ ಬಿಡಿಸಿದರೆ ಹಿಂಭಾಗದ ಅರ್ಧ, ಮುಂಭಾಗದ ಅರ್ಧ ಎರಡೂ ಅದರಲ್ಲಿ ಕೂರುತ್ತವೆ. ವಿಡಿಯೊದಲ್ಲಿ ಹಿಂಭಾಗದ ಕಟಿಂಗ್‌ನ ನಾಲ್ಕೈದು ನಿಮಿಷವಷ್ಟೇ ನೋಡಿ, ಮೊಬೈಲ್ ಮಗುಚಿ ಇಡಿ, ನೆನಪಿನಿಂದ ಗೆರೆ ಹಾಕಿ. ಎದೆ ಸುತ್ತಳತೆ 36 ಇಂಚಾದರೆ ಕಾಲು ಭಾಗ 9. ಹೊಲಿಗೆಗೂ ಆಮೇಲೆ ಬಿಚ್ಚಿಕೊಳ್ಳಲು ಒಳಗೆ ಬಿಡುವ ಬಟ್ಟೆಗೂ ಸೇರಿ ಒಂದೂವರೆಯಿಂದ 2 ಇಂಚು ಹೆಚ್ಚು. ಪೂರ್ತಿ ಭುಜ 14 ಆದರೆ ನಡುವಿನ ಮಡಿಕೆಯಿಂದ 7. ಎಲ್ಲಿ ಮರೆತಿರೋ ಅಲ್ಲಿ ಜಾಗ ಖಾಲಿ ಬಿಟ್ಟು ಮುಂದೆ ಹೋಗಿ. ಮುಗಿದ ಮೇಲಷ್ಟೇ ಮೊಬೈಲ್ ತೆರೆದು, ಕೆಂಪು ಪೆನ್ನಿನಲ್ಲಿ ತಿದ್ದಿ. ಮಧ್ಯದಲ್ಲಿ ಇಣುಕಿದರೆ ಆ ಹಾಳೆಯ ಶ್ರಮವೆಲ್ಲ ಮತ್ತೆ "ನೋಡುವುದಕ್ಕೆ" ಜಮೆಯಾಗುತ್ತದೆ.

ಆರ್ಮ್‌ಹೋಲ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ, ಹೆಚ್ಚು ಜನ ಎಡವುವುದು ಇಲ್ಲಿ. ಮುಂಭಾಗದ ಆರ್ಮ್‌ಹೋಲ್, ಹಿಂಭಾಗಕ್ಕಿಂತ ಸುಮಾರು ಅರ್ಧ ಇಂಚು ಒಳಕ್ಕೆ ತೆಗೆದಿರುತ್ತದೆ, ಏಕೆಂದರೆ ತೋಳು ಮುಂದಕ್ಕೆ ಚಲಿಸುವುದೇ ಹೆಚ್ಚು, ಮುಂದೆ ಬಟ್ಟೆ ಉಳಿದರೆ ಮಡಿಕೆ ಬೀಳುತ್ತದೆ. ತೋಳಿನ ತಲೆಯಲ್ಲೂ, ಅಂದರೆ ಭುಜಕ್ಕೆ ಕೂಡುವ ಮೇಲ್ತುದಿಯಲ್ಲೂ, ಒಂದು ಬದಿ ಹೆಚ್ಚು ತಗ್ಗು. ಆ ಬದಿ ಮುಂಭಾಗಕ್ಕೇ ಹೋಗಬೇಕು. ಅದಲುಬದಲಾದರೆ ಕೈ ಎತ್ತಿದಾಗ ಹಿಂದೆ ಎಳೆಯುತ್ತದೆ, ಕೈ ಇಳಿಸಿದಾಗ ಕಂಕುಳ ಮುಂದೆ ನೆರಿಗೆ ನಿಲ್ಲುತ್ತದೆ. ಹೀಗೆ ಕಾರಣ ತಿಳಿದವರು ಮರೆತರೂ ಮತ್ತೆ ಹುಡುಕಿಕೊಳ್ಳಬಲ್ಲರು. "ಇಲ್ಲಿ ಅರ್ಧ ಇಂಚು" ಎಂದು ಬಾಯಿಪಾಠ ಮಾಡಿದವರು ಮರೆತರೆ ಅಲ್ಲೇ ನಿಲ್ಲುತ್ತಾರೆ. ಪ್ರತಿ ಗೆರೆಗೂ ಮೇಡಂ ಹತ್ತಿರ "ಯಾಕೆ" ಕೇಳಿ, ಆ ಉತ್ತರವನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತೋಳನ್ನು ಕತ್ತರಿಸುವಾಗ ಬಟ್ಟೆಯ ಸರಿ ಬದಿಗಳು (ಹೊರಗೆ ಕಾಣುವ ಬದಿಗಳು) ಒಂದಕ್ಕೊಂದು ಮುಖ ಮಾಡಿರುವಂತೆ ಮಡಚಿರಬೇಕು. ಒಂದೊಂದಾಗಿ ಕತ್ತರಿಸಿದವರ ಕೈಯಲ್ಲಿ ಕೊನೆಗೆ ಎರಡೂ ಬಲ ತೋಳುಗಳೇ ಉಳಿಯುವುದುಂಟು.

ಮೊದಲ ಮೂರು ಹಾಳೆ ಒಂದೇ ಅಳತೆಯಲ್ಲಿ ಮಾಡಿ. ಆಮೇಲೆ ಬದಲಿಸಿ: ಇವತ್ತು 32, ನಾಳೆ 40, ನಾಡಿದ್ದು 36. ಬೀನ್ಸ್ ತುಂಬಿದ ಚೀಲವನ್ನು ಗುರಿಗೆ ಎಸೆಯುವ ಒಂದು ಪ್ರಯೋಗ 1978ರಲ್ಲಿ ನಡೆದಿತ್ತು. 8 ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿಯಿಂದ ಮಾತ್ರ ಅಭ್ಯಾಸ ಮಾಡಿತು, ಇನ್ನೊಂದು 2 ಮತ್ತು 4 ಅಡಿಯಿಂದ. ಕೊನೆಯ ಪರೀಕ್ಷೆ ನಡೆದದ್ದು 3 ಅಡಿಯಿಂದಲೇ, ಚೆನ್ನಾಗಿ ಎಸೆದದ್ದು ಆ ದೂರವನ್ನು ಅಭ್ಯಾಸವೇ ಮಾಡದ ಗುಂಪು. ಅಳತೆ ಬದಲಾದಾಗಲೆಲ್ಲ ತಲೆ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ತಪ್ಪು ಹೆಚ್ಚುತ್ತದೆ, ಹಿಂದೆ ಹೋದೆನೇನೋ ಎಂಬ ಭಯ ಬರುತ್ತದೆ. ಕಲಿಕೆ ಕೂರುವುದೇ ಆಗ.

ನಿಮ್ಮ ನೋಟ್‌ಬುಕ್ಕಿನಲ್ಲಿ 1 ಅಂಕಿ ಲೆಕ್ಕದ ಹತ್ತಿರವೇ ಹೆಚ್ಚು ಬಿದ್ದರೆ, ಹೊಲಿಗೆ ಬದಿಗಿಟ್ಟು ಎರಡು ದಿನ ಟೇಪು ಕಲಿಯಿರಿ. ಕಾಲು, ಅರ್ಧ, ಮುಕ್ಕಾಲು ನಿಮಗೆ ಗೊತ್ತೇ ಇದೆ. ಅವುಗಳ ನಡುವಿನ ಅರೆಕಾಲು ಗೆರೆ ಗುರುತಿಸುವುದು, 37ರ ಕಾಲು ಭಾಗ ಒಂಬತ್ತೂಕಾಲು ಎಂದು ಥಟ್ಟನೆ ಹೇಳುವುದು ಬರಬೇಕು. ಏಳನೇ ಕ್ಲಾಸು ಇದಕ್ಕೆ ಸಾಕು. ಇನ್ನೊಂದು ಮಾತು: 42ರ ಹೊತ್ತಿಗೆ ಹತ್ತಿರದ ಗೆರೆ ಮಂಜಾಗುವುದು ಸಾಮಾನ್ಯ. ಸೂಜಿಗೆ ದಾರ ಪೋಣಿಸಲು ಕೈಚಾಚಿ ದೂರ ಹಿಡಿಯುತ್ತಿದ್ದರೆ ಮೊದಲು ಕಣ್ಣು ತೋರಿಸಿ ಕನ್ನಡಕ ಹಾಕಿಸಿಕೊಳ್ಳಿ.

ಮಷಿನ್ನಿನ ಅಭ್ಯಾಸ ಕಟಿಂಗ್ ಜೊತೆ ಬೆರೆಸಬೇಡಿ, ದಿನದ ಕೊನೆಯ ಕಾಲು ಗಂಟೆ ಅದಕ್ಕೆ ಬೇರೆ ಇಡಿ. ದಾರ ತೆಗೆದು, ಗೆರೆ ಹಾಳೆಯನ್ನು ಸೂಜಿ ಕೆಳಗೆ ಓಡಿಸಿ. ರಂಧ್ರಗಳು ಗೆರೆಯ ಮೇಲೇ ಬೀಳುವವರೆಗೆ ನೇರ, ಆಮೇಲೆ ಮೂಲೆ, ಆಮೇಲೆ ಬಳೆ ಇಟ್ಟು ಎಳೆದ ವೃತ್ತ. ತುಳಿಯುವ ಮಷಿನ್ನಾದರೆ ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿಯೇ ಶುರು ಮಾಡಿ, ಉಲ್ಟಾ ಓಡಿದರೆ ದಾರ ತುಂಡಾಗುತ್ತದೆ. ಕೆಳಗೆ ದಾರ ಗುಂಗುರು ಗುಂಗುರಾಗಿ ನಿಂತರೆ ಬಾಬಿನ್ನನ್ನು ಬೈಯುವ ಮೊದಲು ಮೇಲಿನ ದಾರ ಮತ್ತೆ ಪೋಣಿಸಿ ನೋಡಿ, ತಪ್ಪು ಹೆಚ್ಚಾಗಿ ಅಲ್ಲಿರುತ್ತದೆ.

ಎರಡನೇ ವಾರ ಹಳೆಯ ಕಾಟನ್ ಸೀರೆ. ಕತ್ತರಿ ಅಭ್ಯಾಸವೂ ಆಗ.

ಮಗನ ವಿಷಯ. ಕೇಳುವುದು ತಪ್ಪಲ್ಲ, ಕನ್ನಡ ಪದ್ಯವನ್ನು ಕೇಳಿ ಬಾಯಲ್ಲಿ ಹೇಳಿದರೆ ಚೆನ್ನಾಗಿ ಕೂರುತ್ತದೆ. ಪ್ರಮೇಯವನ್ನು ಕಿವಿಯಲ್ಲಿ ಕಲಿಯಲಾಗದು, ಆಕೃತಿ ಬರೆಯಲೇಬೇಕು. ವಿಜ್ಞಾನದ ಚಿತ್ರಕ್ಕೆ ಕಣ್ಣೂ ಬೇಕು, ಭಾಗಗಳ ಹೆಸರು ಬರೆಯುವ ಕೈಯೂ ಬೇಕು. ಹತ್ತು ಸಲ ಕೇಳುವುದೂ ನಿಮ್ಮ ವಿಡಿಯೊದ ಕಥೆಯೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ನಡೆಸಿದ ಪ್ರಯೋಗದಲ್ಲಿ, ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. 5 ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ಮೇಲೆ ಕೇಳಿದಾಗ ನೆನೆದು ಬರೆದವರು ಮುಂದು. ಅವನ ಪರೀಕ್ಷೆ 5 ನಿಮಿಷದ ಮೇಲೆ ಬರುವುದಿಲ್ಲ. ಇಯರ್‌ಫೋನ್ ಕಿತ್ತುಕೊಳ್ಳಬೇಡಿ, 20 ನಿಮಿಷ ಕೇಳಿದ ಮೇಲೆ 10 ನಿಮಿಷ ಖಾಲಿ ಹಾಳೆಯಲ್ಲಿ ಬರೆದು ನಿಮಗೆ ತೋರಿಸಲಿ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಹಾಳೆ ತುಂಬಿದೆಯೋ ಇಲ್ಲವೋ ಕಾಣುತ್ತದೆ. ಗಣಿತದಲ್ಲಿ ಒಂದೇ ಅಧ್ಯಾಯದ ಲೆಕ್ಕಗಳನ್ನು ಸಾಲಾಗಿ ಮಾಡುವ ಬದಲು ಮೂರು ಅಧ್ಯಾಯ ಬೆರೆಸಿ ಮಾಡಲಿ, ಪ್ರಶ್ನೆಪತ್ರಿಕೆಯಲ್ಲಿ ಯಾವ ಸೂತ್ರ ಎಂದು ಗುರುತಿಸುವುದೇ ಅರ್ಧ ಕೆಲಸ.

ಕೊನೆಗೆ ಮದುವೆ ಬ್ಲೌಸ್. ಸೀರೆಯ ಜೊತೆ ಬರುವ ತುಂಡು ಸಾಮಾನ್ಯವಾಗಿ 80 ಸೆಂ.ಮೀ. ಆಸುಪಾಸು, ತಪ್ಪಿದರೆ ಆ ಅಂಚಿನ ಬಟ್ಟೆ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ನಿಮ್ಮದೇ ಅಳತೆಯಲ್ಲಿ ಕಾಟನ್ನಿನ ಮೂರು ಬ್ಲೌಸ್ ಪೂರ್ತಿ ಮಾಡಿ. ಮೂರನೆಯದನ್ನು ವಿಡಿಯೊ ನೋಡದೆ, ಮೇಡಂ ಕೇಳದೆ ಕತ್ತರಿಸಿ, ಹೊಲಿದು, ಒಗೆದು, ಒಂದು ದಿನ ತೊಟ್ಟು ನೋಡಿ. ಕೈ ಎತ್ತಿದಾಗ ಎಳೆಯದಿದ್ದರೆ ರೇಷ್ಮೆಗೆ ಹೋಗಿ. ಎಳೆದರೆ ಕಟಿಂಗನ್ನು ಮಾತ್ರ ಮೇಡಂ ಕೈಲಿ ಮಾಡಿಸಿ, ಹೊಲಿಗೆ ನೀವು ಹಾಕಿ. ಬ್ಲೌಸ್ ಆಗಲೂ ನಿಮ್ಮದೇ. ಲೈನಿಂಗ್ ಕಾಟನ್ನನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಿ, ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ರೇಷ್ಮೆ ಜಾರುತ್ತದೆ, ಕೆಳಗೆ ದಿನಪತ್ರಿಕೆ ಹಾಸಿ, ಹೊಲಿಗೆಗೆ ಬಿಟ್ಟ ಅಂಚಿನೊಳಗಷ್ಟೇ ಗುಂಡುಸೂಜಿ ಚುಚ್ಚಿ, ಪತ್ರಿಕೆ ಸಮೇತ ಕತ್ತರಿಸಿ. ಬಾರ್ಡರು ತೋಳಿನ ತುದಿಗೆ ಬರಬೇಕಾದರೆ ಮೊದಲು ತೋಳುಗಳ ಜಾಗ ಗುರುತು ಮಾಡಿಕೊಂಡು, ಉಳಿದದ್ದರಲ್ಲಿ ಮುಂಭಾಗ ಹಿಂಭಾಗ ಹೊಂದಿಸಿ. ಎಲ್ಲ ಕಾಗದದ ತುಂಡುಗಳೂ ಬಟ್ಟೆಯ ಮೇಲೆ ಒಟ್ಟಿಗೆ ಕೂತ ಮೇಲೆ ಕತ್ತರಿ ಎತ್ತಿಕೊಳ್ಳಿ.